ಭರತದಲ್ಲಿ ಮೇಲಕ್ಕೆ, ಇಳಿತದಲ್ಲಿ ಕೆಳಕ್ಕೆ

ಕುಂದಾಪುರದಿಂದ ಕಾರವಾರದ ತನಕ ಹೆದ್ದಾರಿ 66ರಲ್ಲಿ ಓಡಾಡಿದವರು ಎಷ್ಟೋ ಸೇತುವೆ ದಾಟಿರುತ್ತಾರೆ. ಒಂದಿಷ್ಟು ನೀರು, ತೆಂಗಿನ ಸಾಲು, ದೂರದಲ್ಲಿ ಸಮುದ್ರದ ಬಿಳಿ ಗೆರೆ. ಸರಿಯಾಗಿ ನೋಡಬೇಕು ಅನ್ನುವಷ್ಟರಲ್ಲಿ ಸೇತುವೆ ಮುಗಿದಿರುತ್ತದೆ. ನಮ್ಮವರು ಬ್ಯಾಂಕಿನಲ್ಲಿದ್ದಾಗ ಈ ದಾರಿಯುದ್ದಕ್ಕೂ ವರ್ಗವಾಗುತ್ತಾ ಹೋದವರು. ಕುಂದಾಪುರ, ಹೊನ್ನಾವರ, ಕುಮಟಾ, ಕಾರವಾರ. ಒಂದೊಂದು ಊರಲ್ಲೂ ಇವತ್ತಿಗೂ ಫೋನು ಮಾಡಿ ವಿಚಾರಿಸುವ ಸ್ನೇಹಿತರಿದ್ದಾರೆ. ಆದರೆ ಮದುವೆ, ಗೃಹಪ್ರವೇಶಕ್ಕೆ ಹೋಗಿ ಉಂಡು ಬರುವುದು ಬಿಟ್ಟರೆ ಅವರ ಜೊತೆ ಸಾವಕಾಶವಾಗಿ ಕೂತಿದ್ದು ಕಡಿಮೆ. ನಿವೃತ್ತಿಯಾದ ಮೇಲೆ ಇಬ್ಬರೂ ಕೂತು ಒಂದು ಲೆಕ್ಕ ಹಾಕಿದೆವು. ಊರಿಂದ ಊರಿಗೆ ಕಾರು. ಊರು ಸೇರಿದ ಮೇಲೆ ಒಂದು ಮೋಟಾರು ದೋಣಿ ಗೊತ್ತು ಮಾಡಿಕೊಂಡು, ಸ್ನೇಹಿತರ ಮನೆಗೆ ಹೊಳೆಯ ಮೇಲೇ ಹೋಗುವುದು. ಅವರ ಮನೆಗಳೆಲ್ಲ ಹೊಳೆಬದಿಯಲ್ಲೇ ಇವೆ.

ಹೊರಟಿದ್ದು ಪುಷ್ಯ ಹುಣ್ಣಿಮೆಗೆ ಮುಂಚಿನ ವಾರ. ಮಳೆಗಾಲದ ಕೆಂಪು ನೀರು ತಿಳಿಯಾಗಿರುತ್ತದೆ, ಬೆಳಗ್ಗೆ ಗಾಳಿಯೂ ಇರುವುದಿಲ್ಲ. ಕೊನೆಗೆ ಕಾರವಾರದಲ್ಲಿ ಕೂರ್ಮಗಡದ ಜಾತ್ರೆಯೂ ಸಿಗುತ್ತದೆ. ಸ್ನೇಹಿತರೇ ದೋಣಿಯವರನ್ನು ಹುಡುಕಿ ಕೊಟ್ಟಿದ್ದರು. ಎಲ್ಲವೂ ಮೀನು ಹಿಡಿಯುವ ಫೈಬರ್ ದೋಣಿಗಳು, ಹಿಂದೆ ಔಟ್‌ಬೋರ್ಡ್ ಎಂಜಿನ್. ಒಂದು ಟ್ರಿಪ್ಪಿಗೆ ಇಷ್ಟು ಅಂತ ಮಾತಾಡುವುದಕ್ಕಿಂತ ಅರ್ಧ ದಿನಕ್ಕೆ, ಎಣ್ಣೆ ಸೇರಿಸಿ ಮಾತಾಡಿಕೊಳ್ಳುವುದು ಒಳ್ಳೆಯದು. ಆಗ ದೋಣಿಯವರಿಗೂ ಅವಸರ ಇರುವುದಿಲ್ಲ, ನಮಗೂ ಬೇಕೆಂದಲ್ಲಿ ನಿಲ್ಲಿಸಬಹುದು.

ಮೊದಲ ದಿನ: ಪಂಚಗಂಗಾವಳಿ

ಎಂಟು ಗಂಟೆಗೆ ತಿಂಡಿ ತಿಂದು ಹೊರಡೋಣ ಅಂತ ನಮ್ಮ ಯೋಚನೆ. ಕುಂದಾಪುರದ ದೋಣಿಯಣ್ಣ ಹಿಂದಿನ ರಾತ್ರಿಯೇ ಫೋನು ಮಾಡಿದರು. "ಹ್ವಾಯ್ ಸರ್, ಬೆಳಕ್ ಬರು ಮುಂಚೆ ಬನಿ. ಹೊಳಿ ನಮ್ನ್ ಕಾಯುದಿಲ್ಲ, ನಾವೇ ಹೊಳಿನ್ ಕಾಯ್ಕ್." ಏಳರ ಹೊತ್ತಿಗೆ ಭರತ ಮುಗಿದು ಇಳಿತ ಶುರುವಾಗುತ್ತದಂತೆ. ಭರತದ ನೀರು ಸಮುದ್ರದಿಂದ ಒಳಗೆ ನುಗ್ಗುತ್ತಿರುವಾಗ ಮೇಲಕ್ಕೆ ಹೋದರೆ ಎಂಜಿನ್‌ಗೆ ಕೆಲಸ ಕಡಿಮೆ, ತಳವೂ ತಾಗುವುದಿಲ್ಲ. ಊಟ ಮುಗಿಸಿ ಇಳಿತದ ಜೊತೆ ಕೆಳಗೆ ಬಂದರಾಯಿತು. ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಆ ಕ್ಷಣದಿಂದ ನಮ್ಮ ಪ್ರವಾಸದ ವೇಳಾಪಟ್ಟಿ ಚಂದ್ರನ ಕೈಗೆ ಹೋಯಿತು. ಪ್ರತಿ ಸಂಜೆ ಮೊದಲು ಕೇಳುವ ಪ್ರಶ್ನೆಯೇ ನಾಳೆ ಭರತ ಎಷ್ಟು ಹೊತ್ತಿಗೆ ಅಂತ.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕಾ. ಐದು ಹೊಳೆ ಸೇರಿ ಇಲ್ಲಿ ಕಡಲಿಗೆ ಇಳಿಯುತ್ತವೆ. ಸೇತುವೆ ಮೇಲಿಂದ ಇದು ಒಂದು ಅಗಲದ ನೀರಷ್ಟೇ. ದೋಣಿಯಲ್ಲಿ ಕೂತರೆ ಹೊಳೆಗಳು ಬೇರೆಬೇರೆಯಾಗಿ ಕಾಣತೊಡಗುತ್ತವೆ. ಒಂದು ಕಡೆ ಕವಲು, ಇನ್ನೊಂದು ಕಡೆ ಕುದ್ರು, ಅಂದರೆ ಹೊಳೆಯ ನಡುಗಡ್ಡೆ, ಕುದ್ರುವಿನ ಆಚೆ ಮತ್ತೊಂದು ಕವಲು. ಎದುರಿಗೆ ಗಂಗೊಳ್ಳಿ ಬಂದರಿನ ದೀಪಗಳು ಇನ್ನೂ ಉರಿಯುತ್ತಿದ್ದವು. ಕೂಗಿದರೆ ಕೇಳುತ್ತದೇನೋ ಅನ್ನುವಷ್ಟು ಹತ್ತಿರ. ಆದರೆ ಕುಂದಾಪುರದಿಂದ ರಸ್ತೆಯಲ್ಲಿ ಅಲ್ಲಿಗೆ ಹೋಗಬೇಕಾದರೆ ಹೆಮ್ಮಾಡಿ, ತ್ರಾಸಿ ಅಂತ ಸುತ್ತಿ ಬರಬೇಕು. ಮಂಜಿನೊಳಗಿಂದ ಒಂದು ಪಾತಿ ದೋಣಿ ಬಂತು. ಗಂಡ ಹುಟ್ಟು ಹಾಕುತ್ತಿದ್ದ, ಹೆಂಡತಿ ಬಲೆ ಎತ್ತುತ್ತಿದ್ದಳು. ನಮ್ಮ ದೋಣಿಯಣ್ಣ ಎಂಜಿನ್ ಸಣ್ಣ ಮಾಡಿದರು. ಪಾತಿ ದೋಣಿಯ ಹತ್ತಿರ ಜೋರಾಗಿ ಹೋಗಬಾರದು, ಅಲೆಗೆ ಅದು ಮಗುಚುತ್ತದೆ. ನಾಲ್ಕೂ ಹೊಳೆಗಳಲ್ಲಿ ನಮ್ಮ ದೋಣಿಯವರೆಲ್ಲ ಹೇಳಿಸಿಕೊಳ್ಳದೆ ಪಾಲಿಸಿದ ಮರ್ಯಾದೆ ಇದು.

ಉಪ್ಪಿನಕುದ್ರುವಿನಲ್ಲಿ ನಮ್ಮವರ ಹಳೇ ಕ್ಯಾಷಿಯರ್ ದಕ್ಕೆಯಲ್ಲೇ ನಿಂತಿದ್ದರು. ಮುಂಡು ಎತ್ತಿಕಟ್ಟಿ, ನೀರಿಗಿಳಿದು, ನನ್ನ ಕೈಹಿಡಿದು ಇಳಿಸಿಕೊಂಡರು. ನೀರುದೋಸೆ ಆಗಲೇ ತಯಾರಿತ್ತು. ತಿಂಡಿಯಾದ ಮೇಲೆ ಗೊಂಬೆಮನೆಗೆ ಕರೆದುಕೊಂಡು ಹೋದರು. ಇಲ್ಲಿಯ ಯಕ್ಷಗಾನ ಗೊಂಬೆಯಾಟವನ್ನು ಕೊಗ್ಗ ಕಾಮತರು ದೇಶದ ಹೊರಗೂ ತೋರಿಸಿದವರು. ಬಡಗುತಿಟ್ಟಿನ ವೇಷವೆಲ್ಲ ಗೊಂಬೆಯ ಮೈಮೇಲಿದೆ. ಮುಂಡಾಸು, ಎದೆಕಟ್ಟು, ಚೌಕುಳಿ ಸೀರೆ, ಒಂದೂ ಬಿಟ್ಟಿಲ್ಲ. ದಾರದ ತುದಿ ಹಿಡಿದವನ ಬೆರಳು ಅಲುಗಿದರೆ ಗೊಂಬೆಯ ಭುಜ ಕುಣಿಯುತ್ತದೆ. ಕ್ಯಾಷಿಯರ್ ಸಣ್ಣವರಿದ್ದಾಗ ರಾತ್ರಿ ಆಟ ನೋಡಲು ದೋಣಿಯಲ್ಲಿ ಜನ ಬರುತ್ತಿದ್ದರಂತೆ, ಆಟ ಮುಗಿಯುವಾಗ ಇಳಿತವಾಗಿ ದೋಣಿ ಕೆಸರಲ್ಲಿ ಕೂತಿರುತ್ತಿತ್ತಂತೆ. "ಮತ್ತೆಂತ ಮಾಡುದ್? ಇನ್ನೊಂದ್ ಪ್ರಸಂಗ ಆಡ್ಸುದ್" ಎಂದು ನಕ್ಕರು.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಚಟ್ಲಿ ಗಸಿ, ಹುರಿದ ಕಾಣೆ. ಇಳಿತದ ಜೊತೆ ಕುಂದಾಪುರಕ್ಕೆ ಬಂದು, ಸಂಜೆಯೇ ಹೊನ್ನಾವರದ ದಾರಿ ಹಿಡಿದೆವು.

ಎರಡನೇ ದಿನ: ಶರಾವತಿ

ನಾನು ಸಾಗರದ ಕಡೆಯವಳು. ಶರಾವತಿ ಅಂದರೆ ನನಗೆ ಹೊಳೆಬಾಗಿಲಿನ ಲಾಂಚು, ಹಿನ್ನೀರಿನಲ್ಲಿ ಬೋಳಾಗಿ ನಿಂತ ಮರಗಳು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಈ ಹೊಳೆ ಹೊನ್ನಾವರದಲ್ಲಿ ಇಷ್ಟು ಅಗಲವಾಗಿ, ಇಷ್ಟು ಸಮಾಧಾನದಲ್ಲಿ ಹರಿಯುತ್ತದೆ ಅನ್ನುವುದನ್ನು ಹೊಳೆಯ ನಡುವೆ ನಿಂತು ನೋಡಿದ್ದು ಇದೇ ಮೊದಲು. ಮಾವಿನಕುರ್ವೆಯ ತೆಂಗಿನ ತೋಟ ಬದಿಗಿಟ್ಟು ಮೇಲಕ್ಕೆ ಹೋದೆವು. ಹೋಗುತ್ತಾ ಹೋಗುತ್ತಾ ತೆಂಗು ಕಡಿಮೆಯಾಗಿ ಅಡಿಕೆ ಜಾಸ್ತಿಯಾಯಿತು. ಎದುರಿಗೆ ಘಟ್ಟದ ನೀಲಿ ಗೋಡೆ. ಅದರಾಚೆ ನಮ್ಮೂರು. ನಾನು ಮಾತಾಡದೆ ಕೂತಿದ್ದು ನೋಡಿ ನಮ್ಮವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು.

ಉಪ್ಪೋಣಿ ಕಡೆಯ ಹೊಳೆಬದಿ ತೋಟದಲ್ಲಿ ಮಾಸ್ತರು, ಅಕ್ಕೋರು ಇಬ್ಬರೇ ಇರುತ್ತಾರೆ. ಮಕ್ಕಳು ಬೆಂಗಳೂರಲ್ಲಿ. "ಆಸ್ರಿಗೆ ಎಂತ ಕುಡೀತ್ರಿ?" ಎಂದು ಕೇಳಿದ ಅಕ್ಕೋರು ಉತ್ತರ ಕಾಯದೆ ಪುನರ್ಪುಳಿ ಪಾನಕ ತಂದಿಟ್ಟರು. ಇಬ್ಬರೂ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರು, ಮಾತು ಶುರು ಮಾಡಿದರೆ ಕೇಳುತ್ತಲೇ ಇರಬೇಕು. ಮಾಸ್ತರು ತೋಟದ ಅಂಚಿಗೆ ಕರೆದು ಹೊಳೆಯ ನೀರನ್ನು ಬೊಗಸೆಯಲ್ಲಿ ಎತ್ತಿ, ನಾಲಿಗೆಗೆ ತಾಗಿಸಿ ನೋಡಿ ಅಂದರು. ಉಪ್ಪೇ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆಯಿತು, ಆಮೇಲೆ ಕೆಳಗೆ ಗೇರುಸೊಪ್ಪದಲ್ಲೂ ಕಟ್ಟೆ ಬಂತು. ಕರೆಂಟು ಮಾಡಿದ ಮೇಲೆ ಬಿಡುವ ಸಿಹಿನೀರು ಬೇಸಿಗೆಯಲ್ಲೂ ಹೊಳೆಯಲ್ಲಿ ಇರುತ್ತದೆ. ತೋಟಕ್ಕೆ ಅದು ಅನುಕೂಲವೇ. ಆದರೆ ಕೆಳಗೆ, ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಉಪ್ಪುನೀರು ಬೇಕಾದ ಮೀನು, ಚಿಪ್ಪು ಎಲ್ಲ ಕಡಿಮೆಯಾಗಿವೆ. "ನಾಳೆ ಅಘನಾಶಿನಿಗೆ ಹೋಗ್ತ್ರಲ್ಲ, ಅಲ್ಲಿ ಕಾಣಿ. ಆಗ ನಾ ಹೇಳಿದ್ದು ಗೊತ್ತಾಗ್ತು" ಅಂದರು. ನಮ್ಮ ಮನೆಯ ದೀಪ ಉರಿಯುವುದು ಇದೇ ನೀರಿನಿಂದ. ಆ ದೀಪದ ಲೆಕ್ಕದಲ್ಲಿ ಮುಳುಗಿದ ನಮ್ಮ ಕಡೆಯ ಊರುಗಳನ್ನು ನಾನು ಸೇರಿಸುತ್ತಿದ್ದೆ. ಕೆಳಗಿನವರ ಮೀನು, ಚಿಪ್ಪನ್ನೂ ಸೇರಿಸಬೇಕು ಅಂತ ಆವತ್ತು ತಿಳಿಯಿತು.

ಊಟಕ್ಕೆ ಬಾಳೆಎಲೆ. ಅಪ್ಪೆಹುಳಿ, ಸುವರ್ಣಗೆಡ್ಡೆ ಹುಳಿ, ಹಸಿ ಮಜ್ಜಿಗೆ, ಹಲಸಿನ ಹಪ್ಪಳ. ಅಪ್ಪೆಹುಳಿಯನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿದೆ. ಮಧ್ಯಾಹ್ನ ಅದು ಕುಡಿದವರಿಗೆ ನಿದ್ದೆ ಬರದೆ ಇರುವುದಿಲ್ಲ. ಅಕ್ಕೋರು ಚಾಪೆ ಹಾಸಿದ್ದರು. ಆದರೆ ದೋಣಿಯ ಹುಡುಗ ಇಳಿತ ಜೋರಾಗುತ್ತಿದೆ ಅಂತ ಎಬ್ಬಿಸಿದ.

ಅವನು ಹೆದರಿದ್ದೇ ಆಯಿತು. ಕುರ್ವೆಗಳ, ಅಂದರೆ ಹೊಳೆಯ ನಡುಗಡ್ಡೆಗಳ ಹತ್ತಿರ, ಒಂದು ಗಂಟೆಯ ಹೊತ್ತಿಗೆ, ಮೆತ್ತಗೆ ಒಂದು ಸದ್ದು, ಎಂಜಿನ್ ಕಿರುಚಿ ನಿಂತಿತು. ದೋಣಿ ಮರಳ ದಿಬ್ಬದ ಮೇಲೆ ಕೂತಿದೆ. ಕಳೆದ ಮಳೆಗಾಲಕ್ಕೆ ಮುಂಚೆ ಈ ದಿಬ್ಬ ಇಲ್ಲಿರಲಿಲ್ಲವಂತೆ. ಮರಳು ಪ್ರತಿ ವರ್ಷ ಜಾಗ ಬದಲಿಸುತ್ತದೆ. ಹುಡುಗ ಇಳಿದು ತಳ್ಳಿದ, ನಮ್ಮವರೂ ಪ್ಯಾಂಟು ಮಡಚಿ ಇಳಿದರು. ಇಂಚೂ ಅಲುಗಲಿಲ್ಲ. ಇಳಿತ ಮುಗಿದು ಭರತ ತಿರುಗುವ ತನಕ ಕೂರುವುದೇ ದಾರಿ. ಬಿಸಿಲು. ಕೊಡೆ ಬಿಡಿಸಿದರೆ ಗಾಳಿಗೆ ಮಗುಚುತ್ತದೆ. ದೋಣಿಗೆ ಹೋಗುವವರು ಅಗಲ ಅಂಚಿನ, ಗದ್ದಕ್ಕೆ ಕಟ್ಟುವ ದಾರವಿರುವ ಟೋಪಿ ತೆಗೆದುಕೊಂಡು ಹೋಗಬೇಕು, ಅದಕ್ಕೆ ಬದಲಿಲ್ಲ. ನಾನು ಸೆರಗು ತಲೆಗೆ ಹೊದ್ದು ಕೂತೆ.

ಸ್ವಲ್ಪ ಹೊತ್ತಿಗೆ ಒಂದು ಪಾತಿ ದೋಣಿಯಲ್ಲಿ ಅಜ್ಜ ಒಬ್ಬರು ತೆಂಗಿನಕಾಯಿ ಸಾಗಿಸುತ್ತಾ ಬಂದರು. ನಮ್ಮನ್ನು ನೋಡಿ ಏನೂ ಕೇಳಲಿಲ್ಲ. ತಮ್ಮ ರಾಶಿಯಿಂದ ಮೂರು ಎಳನೀರು ಹುಡುಕಿ, ಕತ್ತಿಯಿಂದ ಕೆತ್ತಿ, ಒಬ್ಬೊಬ್ಬರ ಕೈಗೆ ಕೊಟ್ಟರು. ದುಡ್ಡು ತೆಗೆದರೆ ಮುಖ ಆಚೆ ತಿರುಗಿಸಿದರು. ಅವರ ಅಪ್ಪ ಗೇರುಸೊಪ್ಪದಿಂದ ದೊಡ್ಡ ದೋಣಿಯಲ್ಲಿ ಸರಕು ತರುತ್ತಿದ್ದವರಂತೆ. ಆಗ ಹೊನ್ನಾವರದಿಂದ ಮೇಲಕ್ಕೆ ಹೊಳೆಯೇ ರಸ್ತೆ. "ಆಗೆಲ್ಲ ಸಿಕ್ಕಿ ಬಿದ್ದದ್ದು ಅಂತ ಹೇಳ್ತಿರ್ಲಿಲ್ಲ. ದೋಣಿ ವಿಶ್ರಾಂತಿ ತಕಂಡ್ತು ಅಂತಿದ್ರು" ಅಂದರು. ಮೂರು ಗಂಟೆಯ ಸುಮಾರಿಗೆ ದೋಣಿಯ ಅಂಚಿನಲ್ಲಿ ನೀರು ಸಣ್ಣಗೆ ಗುಳುಗುಳು ಅನ್ನತೊಡಗಿತು. ಮತ್ತೆ ಕಾಲು ಗಂಟೆಗೆ ದೋಣಿ ತಾನಾಗಿ ಎದ್ದಿತು. ಯಾರೂ ತಳ್ಳಲಿಲ್ಲ.

ಸಂಜೆ ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಲಗೆ ದಾರಿಯಲ್ಲಿ ನಡೆದೆವು. ಕಾಂಡ್ಲಾ ಗಿಡದಲ್ಲಿ ಬೀಜ ಮರದ ಮೇಲೇ ಮೊಳಕೆಯೊಡೆದು ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತುಬಿದ್ದಿರುತ್ತದೆ. ಇಳಿತದಲ್ಲಿ ಬಿದ್ದರೆ ಕೆಸರಲ್ಲಿ ನೆಟ್ಟಗೆ ನಾಟಿ ಅಲ್ಲೇ ಬೇರು ಬಿಡುತ್ತದೆ. ಭರತದಲ್ಲಿ ಬಿದ್ದರೆ ತೇಲಿಕೊಂಡು ಬೇರೆ ದಡಕ್ಕೆ ಹೋಗುತ್ತದೆ. ಇಲ್ಲಿ ಗಿಡಕ್ಕೂ ಭರತ ಇಳಿತದ ಲೆಕ್ಕವೇ.

ಮೂರನೇ ದಿನ: ಅಘನಾಶಿನಿ, ಅಳಿವೆಯ ಕಡೆ

ದೀವಗಿ ಸೇತುವೆಯ ಕೆಳಗೆ ದೋಣಿ ಹತ್ತಿದೆವು. ಈ ಸಲ ಮೇಲಕ್ಕಲ್ಲ, ಕೆಳಕ್ಕೆ. ಒಂಬತ್ತು ಗಂಟೆಗೆ ಭರತ ತುಂಬಿ ನಿಂತಿತ್ತು. ಐಗಳಕುರ್ವೆಯ ಮನೆಗಳ ಮೆಟ್ಟಿಲು ನೀರಲ್ಲಿ ಮುಳುಗಿತ್ತು. ಮಕ್ಕಳು ದೋಣಿಯಲ್ಲಿ ಶಾಲೆಗೆ ಹೊರಟಿದ್ದರು, ಬ್ಯಾಗು ತೊಡೆಯ ಮೇಲೆ, ಚಪ್ಪಲಿ ಕೈಯಲ್ಲಿ. ನಾವು ಟಾಟಾ ಮಾಡಿದರೆ ಎಲ್ಲರೂ ಒಟ್ಟಿಗೆ ಕೈಬೀಸಿದರು.

ಈ ಹೊಳೆಯ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಸಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಿಗಿದು, ಇಲ್ಲಿಗೆ ಬಂದು ಕಡಲು ಸೇರುವ ತನಕ ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟೆ ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ಹೊಳೆ ತನ್ನ ಋತು ತಾನೇ ನಡೆಸುತ್ತದೆ. ತದಡಿಯಲ್ಲಿ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡುವ ಮಾತು ಬಂದಾಗ ಈ ದಡದ ಜನ ವಿರೋಧಿಸಿ ನಿಂತರು. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, 4801 ಹೆಕ್ಟೇರ್. ಪಟ್ಟಿಗೆ ಸೇರಿದ್ದು ಸಂತೋಷ. ಆದರೆ ಇದನ್ನು ಉಳಿಸಿದ್ದು ಕೆಸರಲ್ಲಿ ಕಾಲಿಟ್ಟು ದುಡಿಯುವ ಜನ. ಅದನ್ನು ಆವತ್ತು ಮಧ್ಯಾಹ್ನ ಕಣ್ಣಾರೆ ನೋಡಿದೆವು.

ಅಘನಾಶಿನಿ ಊರಲ್ಲಿ ನಮ್ಮವರ ಬ್ರಾಂಚಿನ ಹಳೇ ಅಟೆಂಡರ್ ಇದ್ದಾರೆ. ಅಂಬಿಗರು. ನಿವೃತ್ತಿಯಾದ ಮೇಲೆ ಮತ್ತೆ ಬಲೆ ಹಿಡಿದಿದ್ದಾರೆ. ಅವರ ಹೆಂಡತಿ ನನ್ನನ್ನು ನೋಡಿದ್ದೇ "ಬರ್ರಾ ಅಕ್ಕಾ, ಇಷ್ಟ್ ವರ್ಷಕ್ಕೆ ದಾರಿ ಸಿಕ್ತಾ?" ಎಂದು ಸೊಂಟ ಹಿಡಿದು ಒಳಗೆ ಕರೆದುಕೊಂಡು ಹೋದಳು. ಮಧ್ಯಾಹ್ನ ಎರಡರ ಹೊತ್ತಿಗೆ ಅವಳು ಸೀರೆ ಎತ್ತಿಕಟ್ಟಿ, ಬುಟ್ಟಿ ಹಿಡಿದು ಹೊರಟಳು. ಬೆಳಚು, ಅಂದರೆ ಚಿಪ್ಪುಮೀನು ಹೆಕ್ಕಲು. ನಾನೂ ಬರುತ್ತೇನೆ ಅಂದೆ.

ಬೆಳಗ್ಗೆ ನಾವು ದೋಣಿಯಲ್ಲಿ ಬಂದ ಜಾಗದಲ್ಲಿ ಈಗ ನೀರೇ ಇಲ್ಲ. ಕಣ್ಣು ಹೋದಷ್ಟು ದೂರ ಕೆಸರು, ಮರಳು, ನಡುನಡುವೆ ಕಾಲುವೆ. ನೂರಾರು ಜನ ಬಗ್ಗಿ ನಿಂತಿದ್ದರು. ಗಂಡಸರು, ಹೆಂಗಸರು, ಮುದುಕಿಯರು. ಚಪ್ಪಲಿ ಹಾಕಿಕೊಂಡು ಕೆಸರಿಗೆ ಇಳಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಬರಿಗಾಲೇ ಸರಿ. ಅವಳು ಕಣ್ಣಿಂದ ಹುಡುಕಲಿಲ್ಲ, ಪಾದದಿಂದ ಹುಡುಕಿದಳು. ಮೊಣಕಾಲುದ್ದದ ನೀರಲ್ಲಿ ನಿಂತು, ಹಿಮ್ಮಡಿ ಒಂದೇ ಕಡೆ ಇಟ್ಟು, ಬೆರಳುಗಳನ್ನು ಕೆಸರೊಳಗೆ ನಿಧಾನವಾಗಿ ಆಡಿಸುತ್ತಾಳೆ. ಗಟ್ಟಿ ಏನೋ ತಾಗಿದ್ದೇ ಬಗ್ಗಿ ಕೈ ಹಾಕುತ್ತಾಳೆ. ಬರೀ ಕಲ್ಲಾದರೆ ಪಾದಕ್ಕೇ ಗೊತ್ತಾಗುತ್ತದಂತೆ, ಬಗ್ಗುವುದೇ ಇಲ್ಲ. ಕೈಯೊಳಗಿನ ಬೆಳಚು ಬೂದು ಬಣ್ಣ, ಮೇಲೆ ಸಣ್ಣ ಗೀರುಗಳು, ಎರಡು ಚಿಪ್ಪೂ ಬಿಗಿಯಾಗಿ ಮುಚ್ಚಿರುತ್ತದೆ. ತೀರಾ ಸಣ್ಣದು ಸಿಕ್ಕರೆ ಅಲ್ಲೇ ಬಿಟ್ಟು ಪಾದದಿಂದ ಮಣ್ಣು ಮುಚ್ಚುತ್ತಾಳೆ. ನಾನೂ ಪಾದ ಆಡಿಸಿದೆ. ಮೊದಲ ಬೆಳಚು ಸಿಕ್ಕಾಗ ಆದ ಖುಷಿಯನ್ನು ನಮ್ಮವರಿಗೆ ಕೂಗಿ ಹೇಳಿದೆ, ಅವರು ದಡದಲ್ಲಿ ಮಾತಿನಲ್ಲಿ ಮುಳುಗಿದ್ದರು.

"ಹೊಳೆಯಲ್ಲಿ ಬೆಳಚು ಇದ್ರೆ ಯಾರ ಮನೇಲೂ ಒಲೆ ಆರೂದಿಲ್ಲ ಅಕ್ಕಾ" ಅಂದಳು. ಅವಳ ಮಗಳ ಓದು, ಗಂಡನ ಆಪರೇಷನ್, ಎರಡಕ್ಕೂ ಇದೇ ಬುಟ್ಟಿ. ಚಿಪ್ಪನ್ನು ಸುಣ್ಣಕ್ಕೆ ಕೊಡುತ್ತಾರೆ, ಅದೂ ದುಡ್ಡು. ಬೆಳಚು ಸಿಗುವ ಜಾಗವೆಲ್ಲ ಅವಳಿಗೆ ಗೊತ್ತು, ಯಾವ ಗಜನಿಯ (ಹೊಳೆಬದಿಯ ಉಪ್ಪುನೀರಿನ ಗದ್ದೆ) ಎದುರು ದೊಡ್ಡದು, ಯಾವ ಕಾಲುವೆ ಬದಿ ಸಣ್ಣದು. ಆ ಕೆಸರಿನ ಬಯಲಿಗೆ ಬೇಲಿಯಿಲ್ಲ, ಪಹಣಿಯಿಲ್ಲ. ಹೊಲವಿಲ್ಲದವರಿಗೂ ದುಡಿಮೆ ಕೊಡುವ ಇಂಥ ಜಾಗವನ್ನು ಖಾಲಿ ಬಿದ್ದಿದೆ ಅಂತ ಯಾರಾದರೂ ಹೇಳಿದರೆ ನನಗೆ ಇನ್ನು ಮೇಲೆ ಸುಮ್ನೆ ಕೇಳಿಸಿಕೊಳ್ಳಲು ಆಗುವುದಿಲ್ಲ.

ರಾತ್ರಿ ಆ ಬೆಳಚಿನದ್ದೇ ಸುಕ್ಕ. ಬೆಳಚನ್ನು ತೊಳೆದು, ಮರಳು ಉಗುಳಲಿ ಅಂತ ನೀರಲ್ಲಿ ಬಿಟ್ಟು, ಆಮೇಲೆ ಬೇಯಿಸುತ್ತಾರೆ. ಬೆಂದ ಹಾಗೆ ಒಂದೊಂದೇ ಬಾಯಿ ಬಿಡುತ್ತದೆ. ಬಾಯಿ ಬಿಡದೆ ಇದ್ದದ್ದನ್ನು ಎಸೆಯಬೇಕು, ತಿನ್ನಬಾರದು. ಕಾಯಿತುರಿ, ಕೊತ್ತಂಬರಿ, ಒಣಮೆಣಸು ಹುರಿದು ಅರೆದ ಮಸಾಲೆ, ಹುಳಿ. ಉಪ್ಪು ಮಾತ್ರ ಹಾಕಲಿಲ್ಲ. ಹೊಳೆಯೇ ಹಾಕಿರುತ್ತದೆ ಅಂದಳು. ನಿಜ, ಹದವಾಗಿತ್ತು.

ನಾಲ್ಕನೇ ದಿನ: ಅಘನಾಶಿನಿ, ಮೇಲಿನ ಕಡೆ

ಬೆಳಗ್ಗೆ ಹೊರಟ ಸ್ವಲ್ಪ ಹೊತ್ತಿಗೆ ಎಂಜಿನ್ ಗಕ್ಕನೆ ನಿಂತಿತು. ಎಲ್ಲಿಂದಲೋ ತೇಲಿ ಬಂದ ಹರಿದ ನೈಲಾನ್ ಬಲೆ ಫ್ಯಾನಿಗೆ ಸುತ್ತಿಕೊಂಡಿತ್ತು. ಅಟೆಂಡರಣ್ಣ ಎಂಜಿನ್ ಮೇಲೆತ್ತಿ, ಸೊಂಟದಿಂದ ಸಣ್ಣ ಚೂರಿ ತೆಗೆದು, ಒಂದೊಂದೇ ಎಳೆ ಕೊಯ್ದರು. ದೋಣಿ ಹೊಳೆಯಲ್ಲಿ ತಿರುಗುತ್ತಾ ತೇಲುತ್ತಿತ್ತು. ಕೊಯ್ದ ಬಲೆಯ ಒಂದು ತುಂಡನ್ನೂ ಅವರು ನೀರಿಗೆ ಎಸೆಯಲಿಲ್ಲ, ಉಂಡೆ ಮಾಡಿ ದೋಣಿಯ ಮೂಲೆಗೆ ಹಾಕಿದರು. "ಇದ್ರಲ್ಲಿ ನಾಳೆ ನಮ್ಮ ಮೀನೇ ಸಿಕ್ಕಿ ಸಾಯ್ತದೆ" ಅಂದರು.

ಮಾಣಿಕಟ್ಟಾದ ಗಜನಿಯ ಕಟ್ಟೆಗೆ ದೋಣಿ ಕಟ್ಟಿ ಇಳಿದೆವು. ಹೊಳೆಯ ಉಪ್ಪುನೀರನ್ನು ತಡೆಯಲು ಕಟ್ಟೆ, ಕಟ್ಟೆಯಲ್ಲಿ ತೂಬು, ತೂಬಿಗೆ ಮರದ ಹಲಗೆ. ಇಲ್ಲಿ ಬೆಳೆಯುವ ಭತ್ತ ಕಗ್ಗ. ಮಳೆಗಾಲದ ನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತುತ್ತಾರೆ. ನೀರು ನಿಂತರೂ ತಡೆಯುತ್ತದೆ, ಉಪ್ಪು ತಾಗಿದರೂ ತಡೆಯುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿ ಹೊಳೆಯನ್ನು ಒಳಗೆ ಬಿಡುತ್ತಾರೆ, ಗದ್ದೆಯಲ್ಲಿ ಶೆಟ್ಲಿ (ಸಿಗಡಿ), ಮೀನು ಬೆಳೆಯುತ್ತದೆ. ಕಟ್ಟೆಯ ಮೇಲೆ ಸಿಕ್ಕ ರೈತರೊಬ್ಬರು ಮನೆಯಿಂದ ಒಂದು ಹಿಡಿ ಕಗ್ಗದ ಅಕ್ಕಿ ತಂದು ತೋರಿಸಿದರು. ಕೆಂಪು, ದಪ್ಪ. ಕಟ್ಟೆ ಒಡೆದರೆ ರಿಪೇರಿ ಎಲ್ಲರೂ ಸೇರಿ ಮಾಡಬೇಕು. ಈಗ ಮನೆಗಳಲ್ಲಿ ಜನ ಕಡಿಮೆ, ಒಡೆದ ಕಟ್ಟೆ ಹಾಗೇ ಉಳಿದ ಗಜನಿಗಳೂ ಇವೆ. ಅದನ್ನು ಹೇಳುವಾಗ ಅವರ ದನಿ ಸಣ್ಣದಾಯಿತು. ನಾವು ಐದು ಕಿಲೋ ಅಕ್ಕಿ ಕೊಂಡೆವು. ಬೇಯಲು ನೀರು, ಹೊತ್ತು ಎರಡೂ ಜಾಸ್ತಿ ಬೇಕು, ಗಂಜಿಗಂತೂ ಇದಕ್ಕಿಂತ ಒಳ್ಳೆಯದಿಲ್ಲ.

ಮಿರ್ಜಾನಿನಲ್ಲಿ ಕೋಟೆ ನೋಡದೆ ಬರಲಾಗುವುದಿಲ್ಲ. ಕೆಂಪು ಮುರಕಲ್ಲಿನ ಗೋಡೆ, ಮೇಲೆ ಹಸಿರು ಪಾಚಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಕಾಳುಮೆಣಸು ಈ ಹೊಳೆಯಿಂದಲೇ ಹಡಗು ಸೇರುತ್ತಿತ್ತು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅನ್ನುತ್ತಿದ್ದರು. ಹೆದ್ದಾರಿಯಿಂದ ಬಂದು ನೋಡಿದಾಗ ಇಲ್ಲೇಕೆ ಕೋಟೆ ಕಟ್ಟಿದರು ಅಂತ ನನಗೆ ಯಾವಾಗಲೂ ಅನಿಸುತ್ತಿತ್ತು. ಹೊಳೆಯಿಂದ ಬಂದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಘಟ್ಟದಿಂದ ಇಳಿದ ಸರಕು, ಕಡಲಿಂದ ಏರಿದ ದೋಣಿ, ಎರಡೂ ಇದರ ಎದುರೇ ಹಾಯಬೇಕು.

ಅಲ್ಲಿಂದ ಉಪ್ಪಿನಪಟ್ಟಣದ ತನಕ ಹೋದೆವು. ಹೊಳೆ ಕಿರಿದಾಗಿ, ಎರಡೂ ಕಡೆ ಕಾಡು ಹತ್ತಿರ ಬಂತು. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ತೇಲಿದೆವು. ನೀರುನಾಯಿಗಳು ಸಾಲಾಗಿ ತಲೆ ಎತ್ತಿ ನಮ್ಮನ್ನು ನೋಡಿ, ಮುಳುಗಿ, ಇನ್ನೊಂದು ದಡದಲ್ಲಿ ಎದ್ದವು. ನಮ್ಮವರು ಫೋಟೋ ತೆಗೆಯುವಷ್ಟರಲ್ಲಿ ನೀರು ಖಾಲಿ.

ಐದನೇ ದಿನ: ಕಾಳಿ

ಕಾರವಾರದಲ್ಲಿ ಕೋಡಿಬಾಗದ ಹತ್ತಿರ ದೋಣಿ ಹತ್ತಿದಾಗ ಹೊತ್ತು ಚೆನ್ನಾಗಿ ಏರಿತ್ತು. ಮೊದಲ ದಿನ ಕತ್ತಲಲ್ಲಿ ಹೊರಟವರು ಈಗ ಇಡ್ಲಿ ತಿಂದು ಹೊರಡುವಂತಾಗಿತ್ತು. ಎದುರಿಗೆ ಸದಾಶಿವಗಡದ ಗುಡ್ಡ. ಜೋಯಿಡಾದ ಡಿಗ್ಗಿಯಿಂದ 184 ಕಿಲೋಮೀಟರ್ ಹರಿದು ಬರುವ ಕಾಳಿ ಇಲ್ಲಿ ಕಡಲಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಹೆದ್ದಾರಿಯ ಹಳೇ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದಿದ್ದು ಇಲ್ಲೇ. ಲಾರಿಯೊಂದು ನೀರಿಗೆ ಬಿತ್ತು, ಚಾಲಕನನ್ನು ಮೇಲೆತ್ತುವುದರಲ್ಲಿ ಇಲ್ಲಿನ ಮೀನುಗಾರರೂ ಇದ್ದರು. ದೋಣಿಯವರು ಆ ಜಾಗ ತೋರಿಸಿದರು. ಆಗಸ್ಟ್ ತಿಂಗಳ ಕಾಳಿಗೆ ಕತ್ತಲಲ್ಲಿ ದೋಣಿ ಇಳಿಸುವುದೆಂದರೆ ಏನು ಅಂತ ಈ ತಿಳಿನೀರಿನ ಮೇಲೆ ಕೂತು ಊಹಿಸುವುದೂ ಕಷ್ಟ.

ಕಡವಾಡದಲ್ಲಿ ನಮ್ಮವರ ಜೊತೆ ಕೆಲಸ ಮಾಡಿದ ಹೆಂಗಸೊಬ್ಬರು ಇದ್ದಾರೆ, ನಾವು ಬಾಯಿ ಅಂತ ಕರೆಯುವುದು. ಮನೆಮಾತು ಕೊಂಕಣಿ. "ಯೆಯಾ, ಬಸಾ" ಎಂದು ಒಳಗೆ ಕರೆದವರು ಮೊದಲು ಕೇಳಿದ್ದು ಹುಣ್ಣಿಮೆಯ ದಿನ ನಾವು ಮೀನು ಬಿಡುತ್ತೇವಾ ಅಂತ. ಹುಣ್ಣಿಮೆ ನಾಳೆ ಅಂದಿದ್ದಕ್ಕೆ ಹಾಗಾದರೆ ಇವತ್ತೇ ಎಲ್ಲ ತಿನ್ನಬೇಕು ಅಂತ ತೀರ್ಮಾನವಾಯಿತು. ತಿಸರೆ, ಬಂಗಡೆ ಹುಮಣ, ಸೋಲ್ ಕಡಿ. ಬಾಯಿಯ ಯಜಮಾನರು ತೀರಿಕೊಂಡು ಎರಡು ವರ್ಷವಾಗಿದೆ, ನಾವು ಆಗ ಬರಲಾಗಿರಲಿಲ್ಲ. ಊಟದ ನಂತರ ಅಂಗಳದಲ್ಲಿ ಕೂತು ಅವರ ಬಗ್ಗೆಯೇ ಮಾತಾಡಿದೆವು. ಇಳಿತ ಶುರುವಾಗಿ ಬಹಳ ಹೊತ್ತಾಗಿತ್ತು. ದೋಣಿಯವರು ಒಮ್ಮೆ ಬಂದು ಇಣುಕಿ, ನಮ್ಮ ಮುಖ ನೋಡಿ, ಏನೂ ಹೇಳದೆ ವಾಪಸು ಹೋದರು. ಕಾಳಿಯಲ್ಲಿ ಆಳವಿದೆ, ತಡವಾದರೂ ಪರವಾಗಿಲ್ಲ ಅಂತ ಆಮೇಲೆ ಹೇಳಿದರು.

ಹುಣ್ಣಿಮೆ: ಕೂರ್ಮಗಡ

ಬಾಯಿಯೂ ನಮ್ಮ ಜೊತೆ ಜಾತ್ರೆಗೆ ಬಂದರು. ಕೂರ್ಮಗಡ ಅಳಿವೆಯ ಆಚೆ, ಕಡಲಲ್ಲಿರುವ ನಡುಗಡ್ಡೆ. ಅಲ್ಲಿ ನರಸಿಂಹ ದೇವರು. ಮೀನುಗಾರರು ಬಾಳೆಗೊನೆ ಹರಕೆ ಒಪ್ಪಿಸುತ್ತಾರೆ. ನಾವು ಹತ್ತಿದ ದೋಣಿಯಲ್ಲಿ ಜನ, ಗೊನೆ, ಹೂವಿನ ಬುಟ್ಟಿ, ಎಲ್ಲ ಇದ್ದವು. ಬಾಯಿ ಮೊದಲು ನೋಡಿದ್ದು ಲೈಫ್ ಜಾಕೆಟ್. ಎಲ್ಲರಿಗೂ ಇದೆಯಾ, ಬಕಲ್ ಹಾಕಿದ್ದಾರಾ ಅಂತ ಒಬ್ಬೊಬ್ಬರನ್ನೇ ನೋಡಿ, ಒಂದು ಮಗುವಿಗೆ ದೊಡ್ಡದಾಗಿದ್ದ ಜಾಕೆಟ್ಟನ್ನು ತಾವೇ ಬಿಗಿ ಮಾಡಿದರು. 2019ರ ಜನವರಿ 21, ಇದೇ ಜಾತ್ರೆಯಿಂದ ಹಿಂತಿರುಗುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಕಾರವಾರದವರು ಅದನ್ನು ಮರೆತಿಲ್ಲ. ಹೊಳೆಯಲ್ಲಾಗಲಿ, ಕಡಲಲ್ಲಾಗಲಿ, ಜಾಕೆಟ್ ಇಲ್ಲ ಅಂದರೆ ದೋಣಿ ಹತ್ತಬೇಡಿ. ಹತ್ತು ನಿಮಿಷದ ದಾರಿಯಾದರೂ ಸರಿ, ದೋಣಿಯವರು ಎಷ್ಟೇ ಪರಿಚಿತರಾದರೂ ಸರಿ. ಜನ ಜಾಸ್ತಿ ಅನಿಸಿದರೆ ಮುಂದಿನ ದೋಣಿಗೆ ಕಾಯಿರಿ.

ಅಳಿವೆ ದಾಟುವಾಗ ಹೊಳೆಯ ನೀರು, ಕಡಲಿನ ನೀರು ಸೇರುವಲ್ಲಿ ದೋಣಿ ಎರಡು ಸಲ ಜೋರಾಗಿ ಎದ್ದು ಬಿತ್ತು. ನನ್ನ ಕೈ ತಾನಾಗಿ ನಮ್ಮವರ ತೋಳು ಹಿಡಿಯಿತು. ದಡ ಸೇರಿ ಗುಡ್ಡ ಹತ್ತಿ, ಸಾಲಲ್ಲಿ ನಿಂತು, ದೇವರಿಗೆ ಗೊನೆ ಒಪ್ಪಿಸಿದೆವು. ಬಾಯಿ ಪ್ರಸಾದದ ಬಾಳೆಹಣ್ಣನ್ನು ನಾವು ಹೋದ ಮನೆಗಳ ಲೆಕ್ಕ ಹಾಕಿ ಪಾಲು ಮಾಡಿದರು. ಕ್ಯಾಷಿಯರ್‌ಗೆ ಇಷ್ಟು, ಮಾಸ್ತರಿಗೆ ಇಷ್ಟು, ಅಟೆಂಡರ್ ಮನೆಗೆ ಜಾಸ್ತಿ, ಅಲ್ಲಿ ಮಕ್ಕಳಿದ್ದಾರೆ. ಮಾಸ್ತರ ಮನೆಯವರನ್ನು ಬಿಟ್ಟರೆ ಅವರೆಲ್ಲ ಒಂದೇ ಬ್ಯಾಂಕಿನ ಬೇರೆಬೇರೆ ಬ್ರಾಂಚಿನವರು, ಒಬ್ಬರಿಗೊಬ್ಬರು ಹೆಸರು ಕೇಳಿ ಗೊತ್ತು, ಮುಖ ನೋಡಿದ್ದು ಕಡಿಮೆ.

ಮರುದಿನ ಹಣ್ಣು ಹಂಚುತ್ತಾ ಕಾರಲ್ಲಿ ವಾಪಸು ಬಂದೆವು. ಉಪ್ಪಿನಕುದ್ರು ಮಾತ್ರ ನಮ್ಮ ಮನೆಯ ದಾರಿಯಲ್ಲಿ ಸಿಗುವುದಿಲ್ಲ, ಅವರ ಪಾಲನ್ನು ಹೊನ್ನಾವರದಲ್ಲಿ ಕುಂದಾಪುರದ ಬಸ್ಸಿಗೆ ಕೊಟ್ಟು, ಇಳಿಸಿಕೊಳ್ಳಲು ಫೋನು ಮಾಡಿದೆವು. ಅಟೆಂಡರಣ್ಣನ ಮನೆಯಲ್ಲಿ ಕಗ್ಗದ ಕೊಯ್ಲಿನ ಹೊತ್ತಿಗೆ ಮತ್ತೆ ಬನ್ನಿ ಅಂದಿದ್ದಾರೆ. ಮಾಸ್ತರು, ಅಕ್ಕೋರು ಆಗ ತಾವೂ ಅಲ್ಲಿಗೆ ಬರುತ್ತಾರಂತೆ. ದೀಪಾವಳಿಗೆ ಮುಂಚೆ ಅಂತ ಗೊತ್ತು ಮಾಡಿದ್ದೇವೆ. ದಿನ ಯಾವುದು ಅಂತ ಅಟೆಂಡರಣ್ಣನೇ ಭರತ ನೋಡಿ ಹೇಳುತ್ತಾರೆ.